ಯಾರ ಸಲುವಾಗಿ ಈ ಸಾವು?

ಒಬ್ಬರು ಮನೆಯ ಹಿತ್ತಲಲ್ಲಿ ನಾಟಿ ಕೋಳಿ ಸಾಕುವವರು. ಇನ್ನೊಬ್ಬರು ಊರೂರು ತಿರುಗಿ ದನ, ಕುರಿ, ಕೋಳಿಗಳಿಗೆ ಮದ್ದು ಮಾಡಿ ನಿವೃತ್ತರಾದ ಪಶುವೈದ್ಯರು. ಬದುಕುವ ಹಾಗಿಲ್ಲದ ಮರಿಯ ವಿಷಯದಲ್ಲಿ ಇಬ್ಬರ ನಡುವೆ ನಡೆದ ಮಾತು ಇದು.

ಸಾಕುವವರು: ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಜೀವ ಕೊಡಲಾರದವರಿಗೆ ಜೀವ ತೆಗೆಯುವ ಹಕ್ಕಿಲ್ಲ. ಮರಿ ಉಳಿಯುವುದಾದರೆ ಉಳಿಯಲಿ, ಹೋಗುವುದಾದರೆ ತಾನಾಗಿ ಹೋಗಲಿ. ನಡುವೆ ಕೈ ಹಾಕಲು ನಾವು ಯಾರು?

ವೈದ್ಯರು: ಕೈ ಆಗಲೇ ಹಾಕಿದ್ದೀರಲ್ಲ. ಮೊಟ್ಟೆ ಆರಿಸಿ ಕಾವುಪೆಟ್ಟಿಗೆಯೊಳಗೆ ಇಟ್ಟವರು ನೀವು. ಶಾಖವನ್ನು 37.5 ಡಿಗ್ರಿಗೆ ಹೊಂದಿಸಿದವರು, 18ನೇ ದಿನದವರೆಗೆ ಮೊಟ್ಟೆ ಹೊರಳಿಸಿದವರು, 21ನೇ ದಿನ ಚಿಪ್ಪು ಬಿರಿಯುವುದನ್ನು ಕಾದವರು ಎಲ್ಲ ನೀವೇ. ಮರಿ ಹೊರಗೆ ಬಂದ ಮೇಲೆ ಬಲ್ಬಿನ ಕೆಳಗೆ ಬೆಚ್ಚಗೆ ಇಟ್ಟವರೂ ನೀವೇ. ಹುಟ್ಟಿನ ಪ್ರತಿ ಹೆಜ್ಜೆಯಲ್ಲೂ ನಿಮ್ಮ ಕೈ ಇರುವಾಗ ನೋವಿನ ಹೊತ್ತಿಗೆ ಮಾತ್ರ ಪ್ರಕೃತಿಯನ್ನು ಕರೆಯುವುದು ನ್ಯಾಯವಲ್ಲ.

ಸಾಕುವವರು: ಆದರೆ ಹಿಂದಿನವರು ಹಾಗೇ ಬಿಡುತ್ತಿದ್ದರಲ್ಲ? ಕಾವು ಕೂತ ಹೇಟೆ ಗಟ್ಟಿ ಮರಿಗಳನ್ನು ಕರೆದುಕೊಂಡು ಮೇಯಲು ಹೊರಡುತ್ತಿತ್ತು. ಎದ್ದು ಬರಲಾಗದ ಮರಿ ಅಲ್ಲೇ ಉಳಿಯುತ್ತಿತ್ತು. ಅದನ್ನು ಯಾರೂ ಕೊಲ್ಲುತ್ತಿರಲಿಲ್ಲ.

ವೈದ್ಯರು: ಮನುಷ್ಯರು ಕೊಲ್ಲುತ್ತಿರಲಿಲ್ಲ. ಕಾಗೆ ಇತ್ತು, ಹದ್ದು ಇತ್ತು, ಮುಂಗುಸಿ ಇತ್ತು. ತಾಯಿ ಬಿಟ್ಟುಹೋದ ಮರಿ ಬಯಲಿನಲ್ಲಿ ಹೆಚ್ಚು ಹೊತ್ತು ಉಳಿಯುತ್ತಿರಲಿಲ್ಲ. ನಿಮ್ಮ ಪೆಟ್ಟಿಗೆಯೊಳಗೆ ಕಾಗೆಯೂ ಇಲ್ಲ, ಚಳಿಯೂ ಇಲ್ಲ. ಜೊತೆಗೆ ಇನ್ನೊಂದು ವಿಷಯವಿದೆ. ಮರಿ ಹೊರಬರುವ ಮುನ್ನ ಉಳಿದ ಭಂಡಾರವನ್ನು, ಅಂದರೆ ಮೊಟ್ಟೆಯ ಹಳದಿಯನ್ನು, ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಅದರ ಬಲದಿಂದ ಕಾಳು ನೀರಿಲ್ಲದೆಯೂ ಎರಡು ಮೂರು ದಿನ ಜೀವ ಹಿಡಿದಿರಬಲ್ಲದು. ಮೊಟ್ಟೆಮನೆಗಳಿಂದ, ಅಂದರೆ ಹ್ಯಾಚರಿಗಳಿಂದ, ಒಂದು ದಿನದ ಮರಿಗಳನ್ನು ಡಬ್ಬದಲ್ಲಿ ತುಂಬಿ ದೂರದೂರಿಗೆ ಕಳಿಸಲು ಆಗುವುದು ಇದರಿಂದಲೇ. ಆರೋಗ್ಯದ ಮರಿಗೆ ಅದು ವರ. ಎದ್ದು ನಿಲ್ಲಲಾಗದ, ಕುಡಿಯಲಾಗದ ಮರಿಗೆ ಸಾವು ತಡವಾಗಿ ಬರುವುದಕ್ಕೂ ಅದೇ ಕಾರಣ. ನೀವು ತಾನಾಗಿ ಹೋಗಲಿ ಎಂದಿರಲ್ಲ, ಹಾಗೆ ಹೋಗಲು ಅದು ದಿನಗಟ್ಟಲೆ ತೆಗೆದುಕೊಳ್ಳುತ್ತದೆ.

ಸಾಕುವವರು: ಅಷ್ಟು ಚಿಕ್ಕ ಜೀವಕ್ಕೆ ನಾವು ಅಂದುಕೊಂಡಷ್ಟು ನೋವು ತಿಳಿಯುತ್ತದೆಯೆ? ಸುಮ್ಮನೆ ಮಲಗಿರುತ್ತದಲ್ಲ.

ವೈದ್ಯರು: ತಿಳಿಯುತ್ತದೆ. ಬೆಚ್ಚಗಿದ್ದು ಹೊಟ್ಟೆ ತುಂಬಿದ ಮರಿ ಮೆಲ್ಲಗೆ, ಸಣ್ಣ ದನಿಯಲ್ಲಿ ಗುನುಗುತ್ತದೆ. ಚಳಿಯಾದರೆ, ಒಂಟಿಯಾದರೆ, ನೋವಾದರೆ ಗಟ್ಟಿಯಾಗಿ, ಬಿಡದೆ ಚೀರುತ್ತದೆ. ಕೋಳಿ ಸಾಕಿದವರು ಈ ಎರಡು ದನಿಗಳ ವ್ಯತ್ಯಾಸವನ್ನು ಬೇರೆ ಕೋಣೆಯಲ್ಲಿದ್ದೇ ಗುರುತಿಸುತ್ತಾರೆ. ಆಮೇಲೆ ಅದೂ ನಿಲ್ಲುತ್ತದೆ. ದನಿ ನಿಂತದ್ದು ನೋವು ಕಳೆದದ್ದಕ್ಕಲ್ಲ, ಶಕ್ತಿ ಮುಗಿದದ್ದಕ್ಕೆ. ನೀವು ನೋಡಿದ ಸುಮ್ಮನೆ ಅದು.

ಹೊಕ್ಕುಳು ಮುಚ್ಚದ ಮರಿಯನ್ನು ಎಂದಾದರೂ ಕೈಯಲ್ಲಿ ಹಿಡಿದು ನೋಡಿದ್ದೀರಾ? ಹೊಟ್ಟೆ ನೀರು ತುಂಬಿದ ಹಾಗೆ ಜೋಲುತ್ತದೆ, ತೊಗಲು ತೆಳ್ಳಗಾಗಿ ನೀಲಿಗಟ್ಟಿರುತ್ತದೆ. ಹೊಕ್ಕುಳ ಸುತ್ತಲಿನ ತುಪ್ಪಳ ಒದ್ದೆಯಾಗಿ ಅಂಟಿಕೊಂಡಿರುತ್ತದೆ, ಮೂಗಿಗೆ ಹತ್ತಿರ ತಂದರೆ ಕೊಳೆತ ವಾಸನೆ ಬರುತ್ತದೆ. ಒಳಗಿನ ಭಂಡಾರಕ್ಕೇ ಸೋಂಕು ತಗುಲಿರುತ್ತದೆ. ಹೆಚ್ಚಿನ ಸಲ ಅದು ಈ.ಕೋಲಿ ಬ್ಯಾಕ್ಟೀರಿಯಾದ ಕೆಲಸ. ಮರಿ ಬಲ್ಬಿನ ಹತ್ತಿರಕ್ಕೆ ತೆವಳಿ, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತದೆ. ಉಳಿದ ಮರಿಗಳು ಅದನ್ನು ತುಳಿದುಕೊಂಡು ಓಡಾಡುತ್ತವೆ, ಹೊಕ್ಕುಳನ್ನು ಕುಕ್ಕುತ್ತವೆ. ಈ ಹಂತಕ್ಕೆ ಬಂದ ಮೇಲೆ ಔಷಧಿಯಿಂದ ಉಳಿಯುವುದು ತೀರಾ ಅಪರೂಪ. ಇದನ್ನು ನೋಡಿಯೂ ಬಾಗಿಲು ಎಳೆದುಕೊಂಡು ಹೋಗುವುದು ನನ್ನ ಲೆಕ್ಕದಲ್ಲಿ ಅಹಿಂಸೆಯಲ್ಲ.

ಸಾಕುವವರು: ಹಾಗಾದರೆ ಕುಂಟಿದ ಮರಿಯನ್ನೆಲ್ಲ ಮುಗಿಸಿಬಿಡಿ ಎನ್ನುತ್ತೀರಾ? ಅಂಥವರೂ ಇದ್ದಾರೆ. ಕಾಲು ಸೊಟ್ಟಗಿದೆ ಎಂದ ಕೂಡಲೇ ಕತ್ತು ಹಿಡಿಯುತ್ತಾರೆ.

ವೈದ್ಯರು: ಖಂಡಿತ ಇಲ್ಲ. ಅಂಥ ಆತುರಕ್ಕೂ ನನ್ನ ವಿರೋಧ ಅಷ್ಟೇ ಇದೆ. ಮೊದಲ ವಾರದ ಮರಿಯ ತೊಂದರೆಗಳಲ್ಲಿ ಎಷ್ಟೋ ಸರಿಹೋಗುವಂಥವು. ಕಾಲು ಎರಡೂ ಕಡೆಗೆ ಜಾರಿ ಹರಡಿಕೊಂಡ ಮರಿಯನ್ನೇ ನೋಡಿ. ಬಹಳ ಸಲ ಅದಕ್ಕೆ ಕಾರಣ ಕೆಳಗೆ ಹಾಸಿದ ನುಣುಪು ವೃತ್ತಪತ್ರಿಕೆ. ಕಾಲೂರಲು ಹಿಡಿತ ಸಿಗುವುದಿಲ್ಲ, ಎಳೆಯ ಕೀಲು ಹೊರಕ್ಕೆ ವಾಲುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಗಾಯದ ಪಟ್ಟಿಯನ್ನು ಉದ್ದಕ್ಕೆ ಸಣ್ಣಗೆ ಕತ್ತರಿಸಿ. ಹತ್ತಿಯಿರುವ ನಡುಭಾಗ ಎರಡು ಕಾಲುಗಳ ಮಧ್ಯೆ ಬರಬೇಕು, ಅಂಟಿನ ತುದಿಗಳು ಒಂದೊಂದು ಕಾಲಿಗೆ ಸುತ್ತಿ ಹಿಂದಕ್ಕೆ ಬರಬೇಕು. ಮರಿ ಸಹಜವಾಗಿ ನಿಂತಾಗ ಕಾಲುಗಳ ನಡುವೆ ಎಷ್ಟು ಅಂತರವೋ ಅಷ್ಟೇ ಬಿಡಿ. ಬಿಗಿದರೆ ರಕ್ತ ಓಡುವುದಿಲ್ಲ, ಸಡಿಲಾದರೆ ಉಪಯೋಗವಿಲ್ಲ. ಕೆಳಗೆ ಒರಟು ಗೋಣಿಬಟ್ಟೆ ಹಾಸಿ. ಮೊದಲು ಮುಗ್ಗರಿಸುತ್ತದೆ, ಬೀಳುತ್ತದೆ, ಆಮೇಲೆ ನಿಲ್ಲಲು ಕಲಿಯುತ್ತದೆ. ಹುಟ್ಟಿದ ಒಂದೆರಡು ದಿನದಲ್ಲೇ ಕಟ್ಟಿದರೆ ಬಹುಪಾಲು ಮರಿಗಳು ಕೆಲವೇ ದಿನಗಳಲ್ಲಿ ನೆಟ್ಟಗೆ ನಡೆಯುತ್ತವೆ. ತಡವಾದರೆ ಮೂಳೆ ಗಟ್ಟಿಯಾಗಿ ಪಟ್ಟಿಗೆ ಬಗ್ಗುವುದಿಲ್ಲ.

ಸಾಕುವವರು: ಬೆರಳು ಒಳಕ್ಕೆ ಸುರುಟಿಕೊಂಡ ಮರಿಯನ್ನು ಕಂಡಿದ್ದೇನೆ. ಕತ್ತು ಹಿಂದಕ್ಕೆ ತಿರುಚಿ ಆಕಾಶ ನೋಡುವ ಮರಿಯನ್ನೂ ಕಂಡಿದ್ದೇನೆ.

ವೈದ್ಯರು: ಬೆರಳು ಸುರುಟುವುದಕ್ಕೆ ಹಲವು ಸಲ ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವದ ಕೊರತೆ ಕಾರಣ. ಕತ್ತು ತಿರುಚುವುದರ ಹಿಂದೆ ಥಯಾಮಿನ್ ಅಥವಾ ಇ ಜೀವಸತ್ವದ ಕೊರತೆ ಇರಬಹುದು. ಬೇಗ ಗುರುತಿಸಿ, ಹನಿ ಹನಿಯಾಗಿ ಜೀವಸತ್ವ ಕೊಟ್ಟು, ಕೈಯಾರೆ ನೀರು ಕುಡಿಸಿದರೆ ಚೇತರಿಸಿಕೊಳ್ಳುತ್ತವೆ. ಹಿಕ್ಕೆ ಒಣಗಿ ಗುದ ಮುಚ್ಚಿಹೋದ ಮರಿಗೆ ಉಗುರುಬೆಚ್ಚನೆ ನೀರಲ್ಲಿ ಅದ್ದಿದ ಬಟ್ಟೆ ಸಾಕು, ಕಿತ್ತು ಎಳೆಯಬಾರದು ಅಷ್ಟೆ. ದೂರದಿಂದ ಬಂದು ಬಳಲಿದ ಮರಿಗೆ ಬೆಲ್ಲದ ನೀರು. ಎಷ್ಟೋ ಸಲ ಸಾಯುತ್ತಿದೆ ಎಂದುಕೊಂಡ ಮರಿಗೆ ಬೇಕಾದದ್ದು ಶಾಖವೊಂದೇ. ಮೊದಲ ವಾರ ಮರಿಯ ಮಟ್ಟದಲ್ಲಿ ಸುಮಾರು 35 ಡಿಗ್ರಿ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತಾ ಹೋಗಬಹುದು. ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಆದ್ದರಿಂದ ತಣ್ಣಗಾದ ಮರಿಯನ್ನು ಮೊದಲು ಬೆಚ್ಚಗೆ ಮಾಡಿ, ಆಮೇಲೆ ಕುಡಿಸಿ, ಆಮೇಲೆ ನೋಡಿ. ಬೆಚ್ಚಗಾಗುವ ಮೊದಲು ಯಾವ ತೀರ್ಮಾನವನ್ನೂ ಮಾಡಬಾರದು.

ಸಾಕುವವರು: ಕೊಕ್ಕು ಕತ್ತರಿಯಂತೆ ಅಡ್ಡಡ್ಡವಾಗಿದ್ದರೆ? ಒಂದು ಕಣ್ಣೇ ಇಲ್ಲದಿದ್ದರೆ?

ವೈದ್ಯರು: ತಿನ್ನುತ್ತದೆಯೆ? ಕುಡಿಯುತ್ತದೆಯೆ? ಮಣ್ಣು ಕೆದಕುತ್ತದೆಯೆ? ಉಳಿದವುಗಳ ಜೊತೆ ಸೇರಿ ಮಲಗುತ್ತದೆಯೆ? ಹಾಗಿದ್ದರೆ ಅದು ಬದುಕುತ್ತಿದೆ. ಆಳವಾದ ಬಟ್ಟಲಲ್ಲಿ ಕಾಳು ಇಡಿ, ಬೆಳೆದ ಕೊಕ್ಕಿನ ತುದಿ ಸವರಿಸಿ. ಅಂದಗೇಡು ಎಂಬುದು ನೋಡುವವರ ತೊಂದರೆ, ಮರಿಗೆ ಅದರ ಅರಿವೇ ಇಲ್ಲ. ಊನ ಇದೆ ಎಂಬ ಕಾರಣಕ್ಕೆ ಕೊಲ್ಲುವುದು ತಪ್ಪು.

ಸಾಕುವವರು: ಗೆರೆ ಎಲ್ಲಿ ಎಳೆಯುತ್ತೀರಿ ಹಾಗಾದರೆ?

ವೈದ್ಯರು: ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ. ಒಂದು, ಈ ಮರಿ ತಾನಾಗಿ, ಅಥವಾ ನಾವು ನಿಜಕ್ಕೂ ಕೊಡಬಲ್ಲ ಆರೈಕೆಯಿಂದ, ನೀರು, ಕಾಳು ಮತ್ತು ಶಾಖವನ್ನು ಮುಟ್ಟಬಲ್ಲದೆ? ಎರಡು, ಅದರ ನೋವು ಇಳಿಯುವ ದಾರಿ ಇದೆಯೆ? ಮೂರು, ನಿನ್ನೆಗಿಂತ ಇವತ್ತು ಮೇಲಾಗಿದೆಯೊ, ಕೆಳಗಿಳಿದಿದೆಯೊ? ಕರುಳು ಅಥವಾ ಮಿದುಳು ಹೊರಗೆ ಕಾಣುವ ಮರಿ, ಭಂಡಾರದ ಚೀಲ ಒಡೆದು ಹೊರಗೆ ಜೋತ ಮರಿ, ಬೆಚ್ಚಗಿಟ್ಟರೂ ಬಾಯಿ ತೆರೆದು ಏದುಸಿರು ಬಿಡುವ ಮರಿ, ಕೊಳೆತ ಹೊಟ್ಟೆಯ ಮರಿ, ಇವುಗಳ ವಿಷಯದಲ್ಲಿ ಕಾಯುವುದಕ್ಕೆ ಅರ್ಥವಿಲ್ಲ. ಮಿಕ್ಕವುಗಳಿಗೆ ಒಂದು ಗಡುವು ಹಾಕಿಕೊಳ್ಳಬೇಕು. ನಾಳೆ ಸಂಜೆಯೊಳಗೆ ತಲೆ ಎತ್ತಿ ಕುಡಿಯದಿದ್ದರೆ ಎಂದು ಇವತ್ತೇ ನಿಶ್ಚಯಿಸಿರಬೇಕು. ಗಡುವಿಲ್ಲದ ಆರೈಕೆ ಎಷ್ಟೋ ಸಲ ನೋವಿನ ಗಡುವನ್ನು ನಾವೇ ಮುಂದೂಡುವುದಾಗುತ್ತದೆ.

ಸಾಕುವವರು: ತರ್ಕ ಒಪ್ಪುತ್ತದೆ, ಮನಸ್ಸು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಜನ್ನನ ಯಶೋಧರ ಚರಿತೆಯ ಕಥೆ ಹೇಳುತ್ತಿದ್ದರು. ತಾಯಿಯ ಒತ್ತಾಯಕ್ಕೆ ಸಿಕ್ಕಿ ರಾಜ ಹಿಟ್ಟಿನ ಹುಂಜವನ್ನು ಬಲಿ ಕೊಡುತ್ತಾನೆ. ಜೀವವಿಲ್ಲದ ಹಿಟ್ಟು. ಆದರೂ ತಾಯಿ ಮಗ ಇಬ್ಬರೂ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ, ಕೊನೆಗೆ ಕೋಳಿಗಳಾಗಿಯೂ ಹುಟ್ಟಿ ಸಾಯುತ್ತಾರೆ. ಹಿಟ್ಟಿನ ಕೋಳಿಗೇ ಅಷ್ಟಾದರೆ ಉಸಿರಾಡುವ ಮರಿಗೆ?

ವೈದ್ಯರು: ಎಂಟುನೂರು ವರ್ಷದ ಹಿಂದಿನ ಕಾವ್ಯ ಸರಿಯಾದ ಜಾಗಕ್ಕೇ ಬೆರಳಿಡುತ್ತದೆ. ಹಿಟ್ಟಿಗೆ ನೋವಾಗಲಿಲ್ಲ, ರಕ್ತ ಹರಿಯಲಿಲ್ಲ. ದೋಷ ಇದ್ದದ್ದು ಸಂಕಲ್ಪದಲ್ಲಿ. ತನಗೆ ಬರುವ ಕೇಡು ಕಳೆಯಲಿ ಎಂದು ಇನ್ನೊಂದು ಜೀವವನ್ನು ಒಪ್ಪಿಸುವ ಮನಸ್ಸು ಅದು. ಜನ್ನ ಕೇಳುವ ಪ್ರಶ್ನೆಯನ್ನೇ ನಾನೂ ಕೇಳುತ್ತಿದ್ದೇನೆ. ಯಾರ ಸಲುವಾಗಿ ಈ ಸಾವು?

ಸಾಕುವವರು: ಸಂಕಲ್ಪ ಒಳ್ಳೆಯದಾದ ಮಾತ್ರಕ್ಕೆ ಕೊಂದದ್ದು ಕೊಂದದ್ದಲ್ಲ ಎಂದಾಗುತ್ತದೆಯೆ?

ವೈದ್ಯರು: ಇಲ್ಲ. ಕೊಂದದ್ದು ಕೊಂದದ್ದೇ. ಅದನ್ನು ಮುಚ್ಚಿಡಬಾರದು. ಮುಚ್ಚಿಡದೆ ಇದ್ದುದಕ್ಕೇ ಗಾಂಧೀಜಿ ಬೈಸಿಕೊಂಡರು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ಊನವಾಗಿ ಬಿದ್ದಿತ್ತು. ಮಗ್ಗುಲು ಹೊರಳಿಸಲೂ ಆಗದ ನೋವು. ಚಿಕಿತ್ಸೆ ಮಾಡಿಸಿದರು, ಪಶುವೈದ್ಯರು ಕೈಚೆಲ್ಲಿದರು. ಗಾಂಧೀಜಿ ಆಶ್ರಮವಾಸಿಗಳ ಜೊತೆ ಚರ್ಚಿಸಿದರು. ನೀವು ಮೊದಲಿಗೆ ಹೇಳಿದಿರಲ್ಲ, ಜೀವ ಕೊಡಲಾರದವರಿಗೆ ತೆಗೆಯುವ ಹಕ್ಕಿಲ್ಲ ಎಂದು, ಆ ವಾದ ಅಲ್ಲೂ ಬಂತು. ಸ್ವಾರ್ಥಕ್ಕೆ ಕೊಲ್ಲುವಾಗ ಆ ವಾದ ಸರಿ, ಇಲ್ಲಿ ಸ್ವಾರ್ಥವಿಲ್ಲ ಎಂಬುದು ಅವರ ಉತ್ತರವಾಗಿತ್ತು. ತಾವೇ ಎದುರಿಗೆ ನಿಂತು ವೈದ್ಯರಿಂದ ಚುಚ್ಚುಮದ್ದು ಕೊಡಿಸಿದರು. ಎರಡು ನಿಮಿಷದೊಳಗೆ ಮುಗಿಯಿತು. ಆಮೇಲೆ ನವಜೀವನ, ಯಂಗ್ ಇಂಡಿಯಾ ಪತ್ರಿಕೆಗಳಲ್ಲಿ ತಾವೇ ಅದನ್ನು ಬರೆದರು. ಸಿಟ್ಟಿನ ಪತ್ರಗಳು ರಾಶಿ ಬಿದ್ದವು.

ಆ ಲೇಖನದ ಎರಡನೆಯ ಭಾಗವನ್ನು ಹೆಚ್ಚು ಜನ ನೆನೆಯುವುದಿಲ್ಲ. ಆಶ್ರಮದ ಹಣ್ಣು ತರಕಾರಿ ಹಾಳು ಮಾಡುತ್ತಿದ್ದ ಕೋತಿಗಳ ವಿಷಯ ಅದು. ಅವನ್ನು ಕೊಂದರೆ ಅದು ಹಿಂಸೆಯೇ ಎಂದರು, ಏಕೆಂದರೆ ಆ ಸಾವಿನ ಲಾಭ ನಮಗೆ ಬರುವಂಥದು, ಕೋತಿಗಲ್ಲ. ಕರು ಮತ್ತು ಕೋತಿಗಳನ್ನು ಒಂದೇ ಲೇಖನದಲ್ಲಿ ಅಕ್ಕಪಕ್ಕ ಇಟ್ಟದ್ದರಲ್ಲೇ ನನ್ನ ವಾದವೆಲ್ಲ ಇದೆ.

ಸಾಕುವವರು: ಗಾಂಧೀಜಿಗೆ ತಮ್ಮ ಮನಸ್ಸು ತಿಳಿದಿತ್ತು. ನನ್ನಂಥವರಿಗೆ? ಕೈತುಂಬ ಕೆಲಸ, ರಾತ್ರಿಯಿಡೀ ಎದ್ದು ಹನಿ ಹನಿ ನೀರು ಕುಡಿಸಿ ಬೇಸತ್ತಿರುತ್ತೇನೆ. ಆಗ ಮರಿಗೆ ನೋವು ಎಂದು ಹೇಳಿಕೊಂಡು ನನ್ನ ದಣಿವನ್ನು ಮುಗಿಸಿಕೊಂಡರೆ?

ವೈದ್ಯರು: ನೀವು ಕೇಳಿದ ಪ್ರಶ್ನೆಗಳಲ್ಲೇ ಅತಿ ಮುಖ್ಯವಾದದ್ದು ಇದು. ಆ ಅಪಾಯ ನಿಜ. ಇನ್ನೂ ಒಂದು ಸೇರಿಸುತ್ತೇನೆ: ನೋಡಲಾಗುತ್ತಿಲ್ಲ ಎಂಬುದೂ ಮರಿಯನ್ನು ಕೊಲ್ಲಲು ಕಾರಣವಲ್ಲ. ಅದು ನಮ್ಮ ಸಂಕಟ, ಅದರದ್ದಲ್ಲ. ಆದ್ದರಿಂದಲೇ ಗಡುವನ್ನು ಮೊದಲೇ, ಮನಸ್ಸು ತಿಳಿಯಾಗಿರುವಾಗ ಹಾಕಬೇಕು. ಇನ್ನೊಬ್ಬರ ಕಣ್ಣಿಗೆ ಮರಿಯನ್ನು ತೋರಿಸಬೇಕು. ಹತ್ತಿರದ ಪಶು ಆಸ್ಪತ್ರೆಗೋ 1962 ಪಶು ಸಹಾಯವಾಣಿಗೋ ಒಂದು ಮಾತು ಕೇಳಬೇಕು. ಎರಡು ದಿನದ ಮರಿಗೆ ಆಂಬ್ಯುಲೆನ್ಸ್ ಬರಲಿ ಎಂದಲ್ಲ, ತಿಳಿದವರ ಅಭಿಪ್ರಾಯ ಸಿಗಲಿ ಎಂದು. ಇನ್ನು ಕೂಲಿಗೆ ಹೋಗುವ ಮನೆಯವರು ಒಂದು ಮರಿಯನ್ನು ತಿಂಗಳುಗಟ್ಟಲೆ ಕೈಯಲ್ಲಿ ಹಿಡಿದು ಸಾಕಲಾರರು. ಅವರನ್ನು ದೂರುವುದು ಬೇಡ. ಆರೈಕೆ ಸಿಗುವುದೇ ಇಲ್ಲ ಎಂದಾದರೆ ಆ ಮರಿಯ ಮುಂದಿರುವುದು ಹಸಿವು ಮತ್ತು ನೋವು. ಆಗ ಬೇಗ ತೀರ್ಮಾನಿಸುವುದೂ ಮರಿಯ ಸಲುವಾಗಿಯೇ ಆದೀತು. ಕಾರಣವನ್ನು ತಮಗೆ ತಾವು ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕು, ಅಷ್ಟೇ.

ಸಾಕುವವರು: ಹಾಗೆ ನೋಡಿದರೆ ದೊಡ್ಡ ಮೊಟ್ಟೆಮನೆಗಳಲ್ಲಿ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರಲ್ಲ. ಅವುಗಳಿಗೆ ರೋಗವೂ ಇಲ್ಲ, ಊನವೂ ಇಲ್ಲ.

ವೈದ್ಯರು: ಮೊಟ್ಟೆಗೆಂದೇ ಬೆಳೆಸುವ ತಳಿಯ ಗಂಡುಮರಿ ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆಂದು ಬೆಳೆಸಿದರೆ ಬ್ರಾಯ್ಲರಿನಷ್ಟು ಬೇಗ ತೂಕವೂ ಬರುವುದಿಲ್ಲ. ಆದ್ದರಿಂದ ಅದು ಬೇಡದ ಮರಿ. ಕೆಲವು ದೇಶಗಳಲ್ಲಿ ಅದಕ್ಕೆ ವೇಗವಾಗಿ ತಿರುಗುವ ಅಲಗಿನ ಯಂತ್ರವಿದೆ, ಕ್ಷಣಮಾತ್ರದ ಕೆಲಸ. ವಿಧಾನ ಕ್ಷಣಮಾತ್ರದ್ದು ಎಂಬುದರಿಂದ ಕಾರಣ ಶುದ್ಧವಾಗುವುದಿಲ್ಲ. ಜರ್ಮನಿ 2022ರ ಜನವರಿ 1ರಿಂದ ಗಂಡುಮರಿಗಳನ್ನು ಹೀಗೆ ಕೊಲ್ಲುವುದನ್ನೇ ನಿಷೇಧಿಸಿತು. ಮೊಟ್ಟೆಯೊಳಗೇ ಗಂಡೊ ಹೆಣ್ಣೊ ಎಂದು ಗುರುತಿಸುವ ತಂತ್ರ ಬಂದಿದೆ. ಹಾಗೆಯೇ ಕಾರಣ ಶುದ್ಧವಾಗಿದ್ದರೂ ವಿಧಾನ ಕ್ರೂರವಾದರೆ ಅದೂ ದಯೆಯಲ್ಲ. ಯಾರ ಸಲುವಾಗಿ, ಹೇಗೆ ಎಂಬ ಎರಡಕ್ಕೂ ಉತ್ತರ ಇರಬೇಕು. ಒಂದಕ್ಕೆ ಇದ್ದರೆ ಸಾಲದು.

ಸಾಕುವವರು: ಹೇಗೆ ಎಂಬುದನ್ನು ಕೇಳಲು ನಾಲಿಗೆ ಏಳುತ್ತಿಲ್ಲ. ಆದರೂ ಕೇಳಬೇಕು. ನಮ್ಮ ಕಡೆ ಬಕೆಟ್ ನೀರಿಗೆ ಹಾಕುತ್ತಾರೆ. ಕೆಲವರು ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟರೆ ನಿದ್ದೆಯಲ್ಲೇ ಹೋಗುತ್ತದೆ ಎನ್ನುತ್ತಾರೆ.

ವೈದ್ಯರು: ಎರಡೂ ಕೂಡದು. ನೀರಿನಲ್ಲಿ ಅದು ಉಸಿರುಗಟ್ಟಿ, ಒದ್ದಾಡಿ ಸಾಯುತ್ತದೆ. ಐಸಿನಲ್ಲಿ ನಿದ್ದೆ ಎಂಬುದು ನಮ್ಮ ಸಮಾಧಾನಕ್ಕೆ ಕಟ್ಟಿಕೊಂಡ ಮಾತು. ಎಚ್ಚರವಿರುವ ಮರಿಗೆ ನಿಧಾನವಾಗಿ ಹೆಪ್ಪುಗಟ್ಟುವುದು ಹಿಂಸೆ. ಅಮೆರಿಕದ ಪಶುವೈದ್ಯಕೀಯ ಸಂಘದ 2020ರ ಮಾರ್ಗಸೂಚಿ ಮುಳುಗಿಸುವುದನ್ನೂ ಎಚ್ಚರವಿರುವ ಪ್ರಾಣಿಯನ್ನು ಹೆಪ್ಪುಗಟ್ಟಿಸುವುದನ್ನೂ ಒಪ್ಪುವುದಿಲ್ಲ. ಜೀವಂತ ಹೂಳುವುದು, ಚೀಲದಲ್ಲಿ ಕಟ್ಟಿಡುವುದು, ಬೆಕ್ಕಿನ ಮುಂದೆ ಎಸೆಯುವುದು ಯಾವುದನ್ನೂ ಮಾಡಬಾರದು.

ಸಾಕುವವರು: ವಿನೆಗರಿಗೆ ಅಡಿಗೆ ಸೋಡಾ ಬೆರೆಸಿ ಬರುವ ಅನಿಲದಲ್ಲಿ ಇಡುವುದು? ಬಹಳ ಜನ ಅದನ್ನೇ ಶಾಂತ ದಾರಿ ಎನ್ನುತ್ತಾರೆ.

ವೈದ್ಯರು: ಅದು ಇಂಗಾಲದ ಡೈಆಕ್ಸೈಡ್. ತರಬೇತಿ ಇರುವ ಕಡೆ, ಸಿಲಿಂಡರಿನಿಂದ ಅಳತೆಯಲ್ಲಿ ಬಿಡುವ ವ್ಯವಸ್ಥೆ ಇದ್ದರೆ ಅದು ಒಪ್ಪಿತ ವಿಧಾನ. ಆದರೆ ಎಳೆಯ ಮರಿಯ ವಿಷಯದಲ್ಲಿ ಒಂದು ತೊಡಕಿದೆ. ಚಿಪ್ಪಿನೊಳಗೆ ಇರುವಾಗ ಭ್ರೂಣದ ಸುತ್ತ ಈ ಅನಿಲ ಹೆಚ್ಚಾಗಿಯೇ ಇರುತ್ತದೆ, ಅಲ್ಲಿಂದ ಬಂದ ಮರಿ ಅದನ್ನು ಬಹಳ ಮಟ್ಟಿಗೆ ತಾಳಿಕೊಳ್ಳುತ್ತದೆ. ದೊಡ್ಡ ಕೋಳಿಗೆ ಸಾಕಾಗುವ ಪ್ರಮಾಣ ಅದಕ್ಕೆ ಸಾಲದು, ಶೇಕಡಾ 80ರಿಂದ 90ರಷ್ಟು ಬೇಕಾಗುತ್ತದೆ. ಅಡಿಗೆಮನೆಯ ಡಬ್ಬದಲ್ಲಿ ಆ ಪ್ರಮಾಣ ಬಂತೊ ಇಲ್ಲವೊ ಎಂದು ತಿಳಿಯುವ ಬಗೆಯೇ ಇಲ್ಲ. ಅರ್ಧಂಬರ್ಧ ಆದರೆ ಮರಿ ಉಸಿರಿಗಾಗಿ ಏಗುತ್ತದೆ, ಇಲ್ಲವೆ ಮೂರ್ಛೆ ತಿಳಿದು ಮಣ್ಣಿನಡಿಯಲ್ಲಿ ಏಳುತ್ತದೆ.

ಸಾಕುವವರು: ಸರಿಯಾದದ್ದು ಯಾವುದು ಹಾಗಾದರೆ?

ವೈದ್ಯರು: ಮೊದಲ ಆಯ್ಕೆ ಪಶುವೈದ್ಯರು. ಪ್ರಜ್ಞೆ ತಪ್ಪಿಸುವ ಮದ್ದಿನ ಮಿತಿಮೀರಿದ ಪ್ರಮಾಣ ಅವರ ಕೈಯಲ್ಲಿರುತ್ತದೆ. ಅದು ಸಿಗದ ಹಳ್ಳಿಯಲ್ಲಿ ಕೈಯ ಕೆಲಸವೇ ಗತಿ. ತಲೆಬುರುಡೆಗೂ ಕತ್ತಿನ ಮೂಳೆಗೂ ನಡುವಿನ ಕೀಲನ್ನು ಒಂದೇ ಎಳೆತಕ್ಕೆ, ಚುರುಕಾಗಿ ಬೇರ್ಪಡಿಸುವುದು ಒಂದು ವಿಧಾನ. ಮಿದುಳಿಗೂ ದೇಹಕ್ಕೂ ಇರುವ ಸಂಪರ್ಕ ಕಡಿಯುತ್ತದೆ, ಮಿದುಳಿಗೆ ಹೋಗುವ ರಕ್ತ ನಿಲ್ಲುತ್ತದೆ. ಕತ್ತು ಹಿಸುಕುವುದು, ಇಕ್ಕಳದಲ್ಲಿ ಅದುಮುವುದು ಇದಲ್ಲ, ಅದು ಚಿತ್ರಹಿಂಸೆ. ಇನ್ನೊಂದು, ತೀರಾ ಹರಿತವಾದ ದೊಡ್ಡ ಕತ್ತರಿಯಿಂದ ಒಂದೇ ಸಲಕ್ಕೆ ತಲೆಯನ್ನು ಬೇರ್ಪಡಿಸುವುದು. ನೋಡಲು ಅತ್ಯಂತ ಕಠೋರ ಎನಿಸುವುದು ಇದೇ. ಆದರೆ ಕೈ ಪಳಗದವರಿಂದಲೂ ತಪ್ಪಾಗುವ ಸಂಭವ ಕಡಿಮೆ ಇರುವುದೂ ಇದರಲ್ಲೇ. ನಮಗೆ ಸೌಮ್ಯವಾಗಿ ಕಾಣುವ ದಾರಿ ಮರಿಗೆ ಸೌಮ್ಯವಾಗಿರಬೇಕೆಂದಿಲ್ಲ. ಅಳೆಯಬೇಕಾದದ್ದು ಅದರ ಎಚ್ಚರ ಎಷ್ಟು ಬೇಗ ಹೋಯಿತು ಎಂಬುದನ್ನು, ನಮ್ಮ ಕಣ್ಣಿಗೆ ಎಷ್ಟು ಕಷ್ಟವಾಯಿತು ಎಂಬುದನ್ನಲ್ಲ.

ಸಾಕುವವರು: ಆಮೇಲೂ ರೆಕ್ಕೆ ಬಡಿಯುತ್ತದೆ ಎನ್ನುತ್ತಾರೆ. ಅದನ್ನು ನೆನೆದರೇ ಕೈ ನಡುಗುತ್ತದೆ.

ವೈದ್ಯರು: ಬಡಿಯುತ್ತದೆ, ಕಾಲು ಒದೆಯುತ್ತದೆ. ಅದು ಬೆನ್ನುಹುರಿಯ ಪ್ರತಿಕ್ರಿಯೆ, ನೋವಿನ ಅರಿವಲ್ಲ. ಇದು ಮೊದಲೇ ತಿಳಿದಿದ್ದರೆ ಕೈ ಅರ್ಧಕ್ಕೆ ನಿಲ್ಲುವುದಿಲ್ಲ. ಅರ್ಧಕ್ಕೆ ನಿಲ್ಲುವುದೇ ದೊಡ್ಡ ಕ್ರೌರ್ಯ. ಕತ್ತು ಎಳೆದ ಸಂದರ್ಭದಲ್ಲಿ ಅಲುಗಾಟ ನಿಂತ ಮೇಲೆ ಪರೀಕ್ಷೆ ಮಾಡಬೇಕು. ತಲೆಬುರುಡೆಯ ಹಿಂದೆ ಬೆರಳಿಟ್ಟರೆ ಮೂಳೆಗಳ ನಡುವೆ ಬಿರುಕು ಸಿಗಬೇಕು. ಎದೆ ಏರಿಳಿಯಬಾರದು. ಒಂದು ಪುಕ್ಕದ ತುದಿಯಿಂದ ಕಣ್ಣಗುಡ್ಡೆ ಮುಟ್ಟಿದರೆ ರೆಪ್ಪೆ ಮಿಟುಕಬಾರದು. ಎದೆಗೆ ಬೆರಳೊತ್ತಿದರೆ ಬಡಿತ ಇರಬಾರದು. ಅನುಮಾನವಿದ್ದರೆ ಅದೇ ಕ್ಷಣ ಮತ್ತೆ ಮಾಡಬೇಕು. ಇಷ್ಟನ್ನು ಪುಸ್ತಕ ಓದಿ ಕಲಿಯಲಾಗದು. ಸತ್ತ ಮರಿಯ ಮೇಲೆ, ತಿಳಿದವರು ಪಕ್ಕದಲ್ಲಿ ನಿಂತು ಕಲಿಸಬೇಕು. ಉಳಿದ ಮರಿಗಳ ಕಣ್ಣೆದುರು ಬೇಡ, ಗದ್ದಲದಲ್ಲಿ ಬೇಡ. ಅಲ್ಲಿಯವರೆಗೆ ಮರಿ ನಿಮ್ಮ ಅಂಗೈಯಲ್ಲಿ ಬೆಚ್ಚಗಿರಲಿ.

ಸಾಕುವವರು: ಕಾನೂನು ಏನು ಹೇಳುತ್ತದೆ?

ವೈದ್ಯರು: ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದ್ದು. ಮನುಷ್ಯರನ್ನು ಬಿಟ್ಟು ಎಲ್ಲ ಜೀವಿಗಳೂ ಅದರಲ್ಲಿ ಪ್ರಾಣಿಗಳೇ, ನಿಮ್ಮ ಎರಡು ದಿನದ ಮರಿಯೂ. ಸಾಕಿದವರು ಪ್ರಾಣಿಯ ಕ್ಷೇಮ ನೋಡಬೇಕು, ಅನಗತ್ಯ ನೋವು ತಪ್ಪಿಸಬೇಕು ಎಂದು 3ನೇ ಸೆಕ್ಷನ್ ಹೇಳುತ್ತದೆ. ಅನಗತ್ಯ ಕ್ರೌರ್ಯದಿಂದ ಕೊಲ್ಲುವುದು 11ನೇ ಸೆಕ್ಷನ್ನಿನಲ್ಲಿ ಅಪರಾಧ. ಒಂದು ಮರಿಯ ವಿಷಯಕ್ಕೆ ಯಾರೂ ಠಾಣೆಗೆ ಹೋಗುವುದಿಲ್ಲ, ನಿಜ. ಆದರೂ ಕರ್ತವ್ಯ ಕರ್ತವ್ಯವೇ.

ಸಾಕುವವರು: ಮನೆಯ ಮಕ್ಕಳಿಗೆ ಏನು ಹೇಳಲಿ? ಅವರೇ ಮರಿಗೆ ಹೆಸರಿಟ್ಟಿರುತ್ತಾರೆ.

ವೈದ್ಯರು: ನಿಜ ಹೇಳಿ. ಓಡಿಹೋಯಿತು, ಯಾರಿಗೋ ಕೊಟ್ಟೆವು ಎನ್ನಬೇಡಿ. ಇದಕ್ಕೆ ವಾಸಿಯಾಗದ ನೋವಿತ್ತು, ಆ ನೋವು ನಿಲ್ಲಿಸಿದೆವು ಎನ್ನಿ. ಅಳುತ್ತಾರೆ, ಅಳಲಿ. ಬೇಕೆಂದರೆ ಹೂಳುವಾಗ ಜೊತೆಗಿರಲಿ. ಬಾವಿಯಿಂದ ದೂರ, ನಾಯಿ ಕೆದಕದಷ್ಟು ಆಳಕ್ಕೆ, ಮೇಲೆ ಸುಣ್ಣ ಚೆಲ್ಲಿ. ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು, ಮರಿಗಳಿಂದ ಮನುಷ್ಯರಿಗೆ ಸಾಲ್ಮೊನೆಲ್ಲಾ ಬರುತ್ತದೆ. ಒಂದರ ಹಿಂದೆ ಒಂದರಂತೆ ಹಲವು ಮರಿ ಸಾಯುತ್ತಿದ್ದರೆ ಅದು ಬೇರೆಯೇ ಪ್ರಶ್ನೆ. ಕೊಕ್ಕರೆ ರೋಗವೊ ಹಕ್ಕಿಜ್ವರವೊ ಪಶು ಆಸ್ಪತ್ರೆಯವರು ಬಂದು ನೋಡಬೇಕು. ನೀವೇ ಕೊಯ್ದು ನೋಡುವುದಾಗಲಿ, ಉಳಿದವನ್ನು ಸಂತೆಗೆ ಸಾಗಿಸುವುದಾಗಲಿ ಕೂಡದು.

ಸಾಕುವವರು: ಇಷ್ಟೆಲ್ಲ ಕೇಳಿದ ಮೇಲೆ ನನಗೆ ಒಂದೇ ಅನಿಸುತ್ತದೆ. ಈ ಸ್ಥಿತಿಗೆ ಬರುವ ಮರಿಗಳ ಸಂಖ್ಯೆಯನ್ನೇ ಇಳಿಸಲಾಗದೆ?

ವೈದ್ಯರು: ಇಳಿಸಬಹುದು. ಕೊಂದ ಮೇಲೆ ನಿಮ್ಮ ಮುಖ್ಯ ಕೆಲಸ ಅದೇ. ಪ್ರತಿ ಊನವೂ ಏನನ್ನೋ ಹೇಳುತ್ತಿರುತ್ತದೆ. ಹೊಕ್ಕುಳು ಮುಚ್ಚದಿದ್ದರೆ ಪೆಟ್ಟಿಗೆಯಲ್ಲಿ ತೇವ ಹೆಚ್ಚಿತ್ತೊ, ಶಾಖ ಹೆಚ್ಚುಕಡಿಮೆಯಾಯಿತೊ, ಹಿಕ್ಕೆ ಮೆತ್ತಿದ ಮೊಟ್ಟೆ ಇಟ್ಟಿರೊ ನೋಡಿ. ಮಿದುಳು ಹೊರಗಿರುವ, ಕಣ್ಣಿಲ್ಲದ ಮರಿಗಳು ಬಂದರೆ ಮೊದಲ ದಿನಗಳಲ್ಲಿ ಶಾಖ ಮೀರಿತ್ತೇ ಎಂದು ಥರ್ಮಾಮೀಟರನ್ನು ಪರೀಕ್ಷಿಸಿ. ಚಿಪ್ಪಿನೊಳಗೆ ತಲೆಕೆಳಗಾಗಿ ಸಿಕ್ಕಿಕೊಂಡರೆ ಹೊರಳಿಸುವುದು ಸಾಲಲಿಲ್ಲ ಎಂದಾಗಬಹುದು. ಬೆರಳು ಸುರುಟಿದ ಮರಿಗಳು ಹೆಚ್ಚಾದರೆ ತಾಯಿ ಕೋಳಿಯ ಮೇವು ಸುಧಾರಿಸಿ. ಒಂದೇ ಹುಂಜದ ಮಕ್ಕಳು ಮೊಮ್ಮಕ್ಕಳನ್ನು ಅದಕ್ಕೇ ಕೂಡಿಸುತ್ತಾ ಹೋದರೆ ಊನಗಳು ಮೇಲೆ ಬರುತ್ತವೆ, ಹುಂಜ ಬದಲಿಸಿ. ವಾರಕ್ಕಿಂತ ಹಳೆಯ ಮೊಟ್ಟೆ ಕಾವಿಗೆ ಇಡಬೇಡಿ. ಮರಿ ಹೊರಬರಲು ತಡವಾಯಿತೆಂದು ಚಿಪ್ಪು ಬಿಡಿಸಲು ಹೋಗಬೇಡಿ. ಮೊದಲ ಬಿರುಕಿನಿಂದ ಹೊರಬರುವವರೆಗೆ ಒಂದು ಹಗಲು ಒಂದು ರಾತ್ರಿ ಹಿಡಿಯುವುದು ಸಹಜ. ಒಳಗೆ ರಕ್ತನಾಳಗಳು ಇನ್ನೂ ಒಣಗುತ್ತಿರುತ್ತವೆ, ಭಂಡಾರ ಇನ್ನೂ ಒಳಕ್ಕೆ ಹೋಗುತ್ತಿರುತ್ತದೆ. ಆತುರದ ಉಪಕಾರದಿಂದ ಚೆನ್ನಾಗಿದ್ದ ಮರಿಗೇ ರಕ್ತಸ್ರಾವವಾಗುತ್ತದೆ.

ಸಾಕುವವರು: ಕೊಲ್ಲುವ ಕೈ ನನ್ನದಾಗಲು ಇನ್ನೂ ಮನಸ್ಸು ಗಟ್ಟಿಯಾಗಿಲ್ಲ. ಆದರೆ ತಾನಾಗಿ ಹೋಗಲಿ ಎಂದು ಬಾಗಿಲು ಮುಚ್ಚುವುದು ದಯೆ ಎಂದು ಇನ್ನು ಹೇಳಲಾರೆ.

ವೈದ್ಯರು: ಮನಸ್ಸು ಗಟ್ಟಿಯಾಗಬೇಕಿಲ್ಲ. ಕೈ ಕಲಿತಿರಬೇಕು, ಮನಸ್ಸು ಮೃದುವಾಗಿಯೇ ಇರಲಿ. ಸುಲಭವಾಗಿ ಕೊಲ್ಲುವವರ ಕೈಗೆ ಈ ಕೆಲಸ ಹೋಗಬಾರದು. ನನ್ನ ಬೇಡಿಕೆ ಇಷ್ಟೇ. ಹಿತ್ತಲ ಕೋಳಿ ಸಾಕಣೆ ಕಲಿಸುವ ಪ್ರತಿಯೊಂದು ಶಿಬಿರದಲ್ಲೂ ಲಸಿಕೆ, ಮೇವು, ಮಾರಾಟದ ಜೊತೆಗೆ ಇದಕ್ಕೂ ಒಂದು ತಾಸು ಇರಲಿ. ಯಾವ ಮರಿಯನ್ನು ಉಳಿಸಬಹುದು, ಹೇಗೆ. ಯಾವುದನ್ನು ಉಳಿಸಲಾಗದು, ಆಗ ಏನು ಮಾಡಬೇಕು. ಅದನ್ನು ಕಲಿಯಲು ಮನಸ್ಸಿಲ್ಲದವರು ಬೆಳೆದ ಕೋಳಿ ತಂದು ಸಾಕಲಿ, ಅದರಲ್ಲಿ ಕುಂದೇನಿಲ್ಲ. ಕಾವುಪೆಟ್ಟಿಗೆಯ ಸ್ವಿಚ್ಚು ಒತ್ತುವವರು ಮಾತ್ರ 21 ದಿನ ಮುಗಿಯುವುದರೊಳಗೆ ಕಲಿತಿರಬೇಕು.

ಸಾಕುವವರು: ಹಾಗಾದರೆ ಮುಂದಿನ ಮೊಟ್ಟೆ ಇಡುವ ಮೊದಲು ನನಗೆ ಕಲಿಸಿ. ಕಾಲಿಗೆ ಪಟ್ಟಿ ಕಟ್ಟುವುದನ್ನು ಮೊದಲು, ಇದನ್ನು ಆಮೇಲೆ.

ವೈದ್ಯರು: ಅದೇ ಸರಿಯಾದ ಕ್ರಮ.